168 ಭಾಗಾಕಾರ, ಬೇಕಿದ್ದದ್ದು ಒಂದೇ

ರಾಯಚೂರಿನ ಗಂಜ್‌ನಲ್ಲಿ ಅಡತಿ ಅಂಗಡಿಯ ಲೆಕ್ಕ ಬರೆಯುವ ಓದುಗರೊಬ್ಬರ ಪತ್ರ ಬಂದಿದೆ. 2147483647 ಅವಿಭಾಜ್ಯ ಸಂಖ್ಯೆ (1 ಮತ್ತು ತನ್ನನ್ನು ಬಿಟ್ಟು ಬೇರೆ ಯಾವುದರಿಂದಲೂ ಶೇಷವಿಲ್ಲದೆ ಭಾಗವಾಗದ್ದು) ಎಂದು ಕಳೆದ ಸಂಚಿಕೆಯಲ್ಲಿ ಒಂದು ಸಾಲು ಹಾಕಿದ್ದೆವು. ಅವರು 1000ದೊಳಗಿನ 168 ಅವಿಭಾಜ್ಯ ಸಂಖ್ಯೆಗಳಿಂದಲೂ ಅದನ್ನು ಭಾಗಿಸಿ ನೋಡಿದ್ದಾರೆ. "ಯಾವುದರಿಂದಲೂ ಹೋಗಲಿಲ್ಲ. ಆದರೆ ಮುಂದೆಯೂ ಹೋಗಲ್ಲ ಅಂತ ಹೇಗೆ ಹೇಳ್ತೀರಿ?" ಎಂದು ಕೇಳಿದ್ದಾರೆ.

ಸಂಪಾದಕರ ಉತ್ತರ:

ನಮಸ್ಕಾರ. ನಿಮ್ಮ ಪ್ರಶ್ನೆ ನ್ಯಾಯವಾದದ್ದು. ಕಾರಣ ಕೊಡದೆ ಆ ಸಾಲು ಹಾಕಿದ್ದು ನಮ್ಮ ತಪ್ಪು.

ಎಲ್ಲಿ ನಿಲ್ಲಿಸಬೇಕು ಅನ್ನೋದು ಸುಲಭ. ಎರಡು ಸಂಖ್ಯೆ ಗುಣಿಸಿ ಇದು ಬಂದಿದ್ದರೆ, ಚಿಕ್ಕದು ವರ್ಗಮೂಲವನ್ನು ದಾಟುವುದಿಲ್ಲ. ಅಂದರೆ 46340ರವರೆಗೆ ನೋಡಿದರೆ ಸಾಕು. ಆದರೂ ಅಷ್ಟರೊಳಗೆ ನಾಲ್ಕೂವರೆ ಸಾವಿರಕ್ಕೂ ಜಾಸ್ತಿ ಅವಿಭಾಜ್ಯ ಸಂಖ್ಯೆಗಳಿವೆ!

1772ರಲ್ಲಿ ಗಣಿತಜ್ಞ ಆಯ್ಲರ್ ಇದನ್ನು ಬಗೆಹರಿಸಿದಾಗ ಅಷ್ಟನ್ನೂ ಭಾಗಿಸಲಿಲ್ಲ. ಆಗ ಅವರಿಗೆ ಕಣ್ಣು ಬಹುತೇಕ ಕಾಣುತ್ತಿರಲಿಲ್ಲ. ಅವರು ಹಿಡಿದ ದಾರಿ ನನಗೆ ಇವತ್ತಿಗೂ ಬೆರಗು. ನಮ್ಮ ಸಂಖ್ಯೆ ಎಂದರೆ 31 ಎರಡುಗಳನ್ನು ಗುಣಿಸಿ ಒಂದು ಕಳೆದದ್ದು. ಇದನ್ನು ಒಂದು ಅವಿಭಾಜ್ಯ ಸಂಖ್ಯೆ ಭಾಗಿಸುತ್ತದೆ ಅಂದುಕೊಳ್ಳಿ. 2, 4, 8, 16 ಹೀಗೆ ದುಪ್ಪಟ್ಟು ಮಾಡುತ್ತಾ, ಪ್ರತಿಯೊಂದನ್ನೂ ಆ ಅವಿಭಾಜ್ಯ ಸಂಖ್ಯೆಯಿಂದ ಭಾಗಿಸುತ್ತಾ ಹೋದರೆ, 31ನೇ ಹೆಜ್ಜೆಗೆ ಶೇಷ 1 ಬರುತ್ತದೆ. ಮತ್ತೆ 62ಕ್ಕೆ, 93ಕ್ಕೆ. ವಾರದ ಸಂತೆ ತಿರುಗಿ ಬಂದ ಹಾಗೆ. 31 ಅವಿಭಾಜ್ಯ ಆದ್ದರಿಂದ ನಡುವೆ ಎಲ್ಲೂ 1 ಬರುವಂತಿಲ್ಲ. ಇತ್ತ ಗಣಿತಜ್ಞ ಫರ್ಮಾ ಕಂಡುಕೊಂಡ ನಿಯಮದ ಪ್ರಕಾರ, ಆ ಭಾಜಕಕ್ಕಿಂತ ಒಂದು ಕಡಿಮೆ ಹೆಜ್ಜೆಗೂ ಶೇಷ 1 ಬರಲೇಬೇಕು. ಹಾಗಾಗಿ ಭಾಜಕದಲ್ಲಿ ಒಂದು ಕಳೆದರೆ 31ರ ಗುಣಕ (31ರಿಂದ ಶೇಷವಿಲ್ಲದೆ ಭಾಗವಾಗುವ ಸಂಖ್ಯೆ) ಸಿಗಬೇಕು. ಭಾಜಕ ಬೆಸ ಸಂಖ್ಯೆ ಅಲ್ವಾ, ಆದ್ದರಿಂದ 62ರ ಗುಣಕವೇ ಸಿಗಬೇಕು.

ಸುಮ್ನೆ ನಂಬಬೇಡಿ, ಚಿಕ್ಕದರಲ್ಲಿ ಪರೀಕ್ಷಿಸಿ. 11 ಎರಡುಗಳನ್ನು ಗುಣಿಸಿ ಒಂದು ಕಳೆದರೆ 2047. ಅದು 23 × 89. ಎರಡರಲ್ಲೂ ಒಂದು ಕಳೆಯಿರಿ: 22, 88. ಎರಡೂ 22ರ ಗುಣಕ.

ಇನ್ನೊಂದು ನಿಯಮವಿದೆ: ಭಾಜಕವನ್ನು 8ರಿಂದ ಭಾಗಿಸಿದರೆ ಶೇಷ 1 ಅಥವಾ 7 ಇರಬೇಕು. ಅದರ ಕಾರಣ ಉದ್ದ, ಇನ್ನೊಂದು ಸಲ ಬರೆಯುತ್ತೇನೆ. ಎರಡೂ ನಿಯಮಕ್ಕೆ ಹೊಂದುವ ಸಂಖ್ಯೆಗಳು 1000ದೊಳಗೆ ಎಂಟೇ: 63, 249, 311, 497, 559, 745, 807, 993. ಇವುಗಳಲ್ಲಿ ಅವಿಭಾಜ್ಯ 311 ಮಾತ್ರ! ನಿಮ್ಮ 168 ಭಾಗಾಕಾರಗಳಲ್ಲಿ ನಿಜಕ್ಕೂ ಬೇಕಿದ್ದದ್ದು ಅದೊಂದೇ. ಶೇಷ 35 ಬಂದಿರಬೇಕು, ನೋಟ್‌ಬುಕ್ ತೆಗೆದು ನೋಡಿ. 46340ರವರೆಗೆ ಹೋದರೂ ಇಂಥವು ಹೆಚ್ಚುಕಡಿಮೆ 370. ಅದರಲ್ಲೂ ಅವಿಭಾಜ್ಯಗಳನ್ನಷ್ಟೇ ನೋಡಿದರೆ ಸಾಕು. ಯಾವುದರಿಂದಲೂ ಹೋಗುವುದಿಲ್ಲ.

ನಿಮ್ಮ ಪಿನ್ ಕೋಡ್ 584101 ಬಗ್ಗೆಯೂ ಕೇಳಿದ್ದೀರಿ. ಅದು 7 × 83443. ಈ 83443ಕ್ಕೆ ಮೇಲಿನ ಅಡ್ಡದಾರಿ ಸಿಗುವುದಿಲ್ಲ. 283ರವರೆಗಿನ 61 ಅವಿಭಾಜ್ಯಗಳಿಂದಲೂ ಭಾಗಿಸಿ ನೋಡಿದೆ. ಒಂದರಿಂದಲೂ ಹೋಗಲಿಲ್ಲ, ಹಾಗಾಗಿ ಅದೂ ಅವಿಭಾಜ್ಯವೇ. ಕೊಪ್ಪಳದ 583231 ಮೂರು ಅವಿಭಾಜ್ಯಗಳ ಗುಣಲಬ್ಧ. ಮೊದಲನೆಯದು 11. ಉಳಿದೆರಡನ್ನು ನೀವೇ ಹುಡುಕಿ ಬರೆಯಿರಿ.