ಚಪ್ಪರದ ದಿನ ಸ್ಕಾಟ್ಲೆಂಡ್ ಕುಣಿತ

ಮದುವೆ ಮನೆಯ ವಾದ್ಯ, ಮೇಳ, ಕುಣಿತದ ಬಗ್ಗೆ ಓದುಗರ ಪ್ರಶ್ನೆಗಳಿಗೆ ಮೈಸೂರಿನ ಹಳೇ ಬ್ಯಾಂಡ್‌ಸೆಟ್ ಕ್ಲಾರಿನೆಟ್ ವಾದಕರೊಬ್ಬರ ಉತ್ತರ.

ಪ್ರಶ್ನೆ: ಮಗಳು ಎಡಿನ್‌ಬರೋದಲ್ಲಿ ಕೆಲಸದಲ್ಲಿದ್ದಾಳೆ. ಹುಡುಗ ಆ ಊರಿನವನೇ. ಮದುವೆ ನಮ್ಮ ಮಂಡ್ಯದಲ್ಲಿ. ಅವರ ಕಡೆ ಮದುವೆ ಅಂದರೆ 'ಕೇಲಿ' ಅನ್ನುವ ಕುಣಿತ ಇರಲೇಬೇಕಂತೆ. ಅಲ್ಲಿಂದ ಬ್ಯಾಂಡ್ ಕರೆಸೋಣ ಅಂದರೆ ವಿಮಾನದ ಖರ್ಚು ಕೇಳಿಯೇ ನಮ್ಮವರು ಸುಮ್ಮನಾದರು. ಇಲ್ಲಿ ಯಾರಾದರೂ ಸಿಗುತ್ತಾರಾ? ಆರತಕ್ಷತೆಗೆ ಇಡೋಣವೇ, ಬೀಗರೂಟಕ್ಕೆ ಇಡೋಣವೇ? — ಮಗಳ ತಾಯಿ, ಮಂಡ್ಯ

ಆರತಕ್ಷತೆಗೆ ಮಾತ್ರ ಬೇಡಮ್ಮ. ನಮ್ಮ ಕಡೆ ಆರತಕ್ಷತೆ ಹೇಗೆ ನಡೆಯುತ್ತದೆ ನಿಮಗೇ ಗೊತ್ತಲ್ವಾ? ಗಂಡು ಹೆಣ್ಣು ಸ್ಟೇಜ್ ಹತ್ತಿದ್ದೇ ತಡ, ಮುಯ್ಯಿ ಕವರ್ ಹಿಡಿದವರ ಸಾಲು ಬಾಗಿಲ ತನಕ ನಿಲ್ಲುತ್ತದೆ. ಕವರ್ ಕೊಟ್ಟು, ಫೋಟೋ ತೆಗೆಸಿಕೊಂಡು, ಊಟದ ಹಾಲ್‌ನಲ್ಲಿ ಉಣ್ಣುತ್ತಿರುವವರ ಬೆನ್ನ ಹಿಂದೆ ನಿಂತು ಜಾಗ ಹಿಡಿದು, ಉಂಡು, ತಾಂಬೂಲದ ಚೀಲ ಈಸಿಕೊಂಡು ಜನ ಹೊರಡುತ್ತಾರೆ. ಮದುಮಕ್ಕಳಿಗೆ ನೀರು ಕುಡಿಯಲೂ ಪುರುಸೊತ್ತಿರುವುದಿಲ್ಲ. ಕೇಲಿ ಕೂತು ಕೇಳುವ ಕಛೇರಿ ಅಲ್ಲ. ಬಂದವರೇ ಕುಣಿಯಬೇಕು, ಮೊದಲು ಮದುಮಕ್ಕಳೇ ಇಳಿಯಬೇಕು. ಬೀಗರೂಟವೂ ಬೇಡ. ಮುದ್ದೆ, ಬೋಟಿ ಗೊಜ್ಜು ಉಂಡ ಮೇಲೆ ಮಂಡ್ಯದವರನ್ನು ಕುರ್ಚಿಯಿಂದ ಎಬ್ಬಿಸುವುದೇ ಕಷ್ಟ, ಗಿರಗಿರ ತಿರುಗಿಸುವುದು ದೂರದ ಮಾತು.

ಚಪ್ಪರದ ದಿನ ಸಂಜೆ ಇಡಿ. ಹತ್ತಿರದ ನೆಂಟರೆಲ್ಲ ಬಂದಿರುತ್ತಾರೆ, ಯಾರಿಗೂ ಬಸ್ಸು ಹಿಡಿಯುವ ಅವಸರ ಇಲ್ಲ. ಅರಿಶಿನ ಮುಗಿದಿರುತ್ತದೆ, ಅಡುಗೆ ಭಟ್ಟರು ಕಾಯಿ ತುರಿಯುತ್ತಿರುತ್ತಾರೆ. ಮನೆ ಮುಂದೆ ಚಪ್ಪರದ ಕೆಳಗೆ ಕುರ್ಚಿ ಎತ್ತಿಸಿ ಗೋಡೆಗೆ ಹಾಕಿಸಿದರೆ ಕುಣಿಯುವ ಜಾಗ ಆಯಿತು. ಶಾಮಿಯಾನದವರ ಕಾರ್ಪೆಟ್ ಮಾತ್ರ ಹಾಸಿಸಬೇಡಿ, ಕಾಲಿಗೆ ಸಿಕ್ಕಿ ಯಾರಾದರೂ ಬೀಳುತ್ತಾರೆ.

ಇನ್ನು ಬ್ಯಾಂಡ್ ವಿಚಾರ. ಅಲ್ಲಿ ಕೇಲಿ ಬ್ಯಾಂಡ್ ಅಂದರೆ ಸಾಮಾನ್ಯವಾಗಿ ಮೂರು ನಾಲ್ಕು ಜನ. ಪಿಟೀಲು, ಅಕಾರ್ಡಿಯನ್, ಡ್ರಮ್ಸ್, ಜೊತೆಗೆ ಗಿಟಾರೋ ಕೀಬೋರ್ಡೋ. ಹುಡುಗನ ಕಡೆಯವರು ಬ್ಯಾಗ್‌ಪೈಪ್ ಅಂದರೆ ಅದು ಬೇರೆ ಲೆಕ್ಕ. ಅದು ಹೆಚ್ಚಾಗಿ ಬಾಗಿಲಲ್ಲಿ ಎದುರುಗೊಳ್ಳಲು, ನಮ್ಮ ನಾದಸ್ವರದ ಹಾಗೆ. ಬ್ಯಾಂಡ್ ಜೊತೆಗೆ ಮೈಕ್ ಹಿಡಿದ ಒಬ್ಬ 'ಕಾಲರ್' ಇರುತ್ತಾನೆ. ಪ್ರತಿ ಕುಣಿತಕ್ಕೂ ಮುಂಚೆ ಸಂಗೀತ ಇಲ್ಲದೆ ಒಂದು ಸಲ ನಡೆಸಿ ತೋರಿಸುತ್ತಾನೆ. ಬ್ಯಾಂಡ್ ಶುರುವಾದ ಮೇಲೂ ಮುಂದಿನ ಹೆಜ್ಜೆ ಕೂಗುತ್ತಲೇ ಇರುತ್ತಾನೆ. ನನ್ನ ಕೇಳಿದರೆ ಇಡೀ ಕೇಲಿಯ ಜೀವ ಇವನೇ. ಪಿಟೀಲು ಸ್ವಲ್ಪ ಹಿಂದು ಮುಂದಾದರೆ ಯಾರಿಗೂ ಗೊತ್ತಾಗುವುದಿಲ್ಲ. ಕಾಲರ್ ತಡವರಿಸಿದರೆ ಐವತ್ತು ಜನ ಒಬ್ಬರ ಮೇಲೊಬ್ಬರು ಬೀಳುತ್ತಾರೆ.

ಹಾಗಾಗಿ ಬ್ಯಾಂಡ್ ಹುಡುಕುವ ಮೊದಲು ಹುಡುಗನ ಕಡೆ ಕಾಲರ್ ಹುಡುಕಿ. ಸ್ಕಾಟ್ಲೆಂಡಿನಲ್ಲಿ ಈ ಕುಣಿತಗಳನ್ನು ಸ್ಕೂಲಿನ ಪಿ.ಟಿ. ಪೀರಿಯಡ್‌ನಲ್ಲೇ ಹೇಳಿಕೊಡುತ್ತಾರೆ, ಅದರಲ್ಲೂ ಕ್ರಿಸ್ಮಸ್ ಹತ್ತಿರ ಬಂದಾಗ. ಅವನ ಸೋದರತ್ತೆಯೋ ಗೆಳೆಯನೋ, ಗಂಟಲು ದೊಡ್ಡದಿದ್ದು ತಾಳ್ಮೆ ಇರುವವರು ಒಬ್ಬರು ಸಿಕ್ಕೇ ಸಿಗುತ್ತಾರೆ. ನಿಮ್ಮ ಕಡೆಯಿಂದ ಒಬ್ಬ ಸ್ಕೂಲ್ ಮೇಷ್ಟ್ರನ್ನು ಪಕ್ಕದಲ್ಲಿ ನಿಲ್ಲಿಸಿ. "ಎಂಟು ಎಡಕ್ಕೆ, ಎಂಟು ಬಲಕ್ಕೆ, ಗಂಗಮ್ಮತ್ತೆ ಆ ಕಡೆ ಅಲ್ಲ" ಅಂತ ಕನ್ನಡದಲ್ಲಿ ಕೂಗಲು.

ನುಡಿಸುವವರು ಮೈಸೂರಲ್ಲೇ ಸಿಗುತ್ತಾರೆ. ಏಳು ತಂತಿಯ ಪಿಟೀಲಿನ ಚೌಡಯ್ಯನವರು ಇಲ್ಲೇ ಪಕ್ಕದ ತಿರುಮಕೂಡಲಿನವರು, ಈ ಸೀಮೆಗೆ ಪಿಟೀಲಿನ ಬರ ಇಲ್ಲ. ಆದರೆ ಈ ಕೆಲಸಕ್ಕೆ ಕಛೇರಿ ವಿದ್ವಾಂಸರನ್ನು ಕೇಳಬೇಡಿ. ಅವರ ಕೈ ಗಮಕಕ್ಕೆ, ಅಂದರೆ ಸ್ವರವನ್ನು ಅಲುಗಿಸಿ ಜಾರಿಸಿ ನುಡಿಸುವುದಕ್ಕೆ ಒಗ್ಗಿದ್ದು. ಇಲ್ಲಿ ಸ್ವರ ನೆಟ್ಟಗಿರಬೇಕು, ಕಮಾನು ಚುರುಕಾಗಿರಬೇಕು, ಒಂದೇ ಟ್ಯೂನನ್ನು ಬೇಜಾರಿಲ್ಲದೆ ಮತ್ತೆ ಮತ್ತೆ ನುಡಿಸಬೇಕು. ಚರ್ಚ್ ಕ್ವಾಯರ್‌ಗಳಲ್ಲಿ ವೆಸ್ಟರ್ನ್ ನೋಟೇಶನ್ ಓದಿ ನುಡಿಸುವ ಹುಡುಗ ಹುಡುಗಿಯರನ್ನು ವಿಚಾರಿಸಿ. ಗೋಕುಲಂನಲ್ಲಿ ಯೋಗ ಕಲಿಯಲು ಬರುವ ಫಾರಿನ್‌ನವರ ನಡುವೆಯೂ ಒಂದು ಮಾತು ಹಾಕಿ. ಅಕಾರ್ಡಿಯನ್ ಹಿಡಿದವರು ಆರ್ಕೆಸ್ಟ್ರಾಗಳಲ್ಲಿ ಈಗ ಅಪರೂಪ, ಆ ಸದ್ದು ಕೀಬೋರ್ಡ್‌ನಲ್ಲೇ ಬರುತ್ತದೆ. ತಾಳಕ್ಕೆ ಒಳ್ಳೇ ಢೋಲಕ್‌ನವನು ಸಾಕು. ಅವರ ಟ್ಯೂನ್‌ಗಳಲ್ಲಿ 'ಜಿಗ್' ಅಂದರೆ ನಮ್ಮ ತಿಶ್ರ, ಮೂರರ ನಡೆ, 'ರೀಲ್' ಅಂದರೆ ನಾಲ್ಕರ ನಡೆ, ಅಷ್ಟು ಹೇಳಿದರೆ ಹಿಡಿದುಕೊಳ್ಳುತ್ತಾನೆ. ಒಂದು ತಿಂಗಳ ಮುಂಚೆ ರೆಕಾರ್ಡಿಂಗ್ ಕಳಿಸಿ. ವೇಗ ಎಷ್ಟಿರಬೇಕು ಅಂತ ಕಾಲರ್ ಹೇಳಲಿ. ನಮ್ಮ ಹುಡುಗರಿಗೆ ಜೋಶ್ ಬಂದರೆ ಓಡಿಸಿಬಿಡುತ್ತಾರೆ, ಅಜ್ಜಿಯರು ಉಳಿಯಬೇಕಲ್ಲ.

ಯಾವ ಕುಣಿತ? ಮೂರು ನಾಲ್ಕು ಸಾಕು. ಶುರುವಿಗೆ 'ಗೇ ಗಾರ್ಡನ್ಸ್', ಜೋಡಿ ಜೋಡಿಯಾಗಿ ನಾಲ್ಕು ಹೆಜ್ಜೆ ಮುಂದೆ, ತಿರುಗಿ ನಾಲ್ಕು ಹಿಂದೆ. ನಮ್ಮವರಿಗೆ ಹೇಳಿ ಮಾಡಿಸಿದ್ದು 'ಡ್ಯಾಶಿಂಗ್ ವೈಟ್ ಸಾರ್ಜೆಂಟ್'. ಮೂರು ಜನ ಕೈ ಹಿಡಿದು ಇನ್ನು ಮೂರು ಜನರ ಎದುರು ನಿಲ್ಲುತ್ತಾರೆ, ಆರು ಜನ ಸೇರಿ ಸುತ್ತುತ್ತಾರೆ, ಒಂದು ಸುತ್ತು ಮುಗಿದರೆ ದಾಟಿ ಹೋಗಿ ಮುಂದಿನ ಮೂವರನ್ನು ಎದುರುಗೊಳ್ಳುತ್ತಾರೆ. ನಡುವೆ ಅಜ್ಜಿ, ಆ ಕಡೆ ಈ ಕಡೆ ಮೊಮ್ಮಕ್ಕಳು. ಯಾರ ಕೈ ಯಾರು ಹಿಡಿದರು ಅಂತ ಗೊಣಗಲು ಯಾರಿಗೂ ಅವಕಾಶ ಇಲ್ಲ. ಹತ್ತು ನಿಮಿಷದಲ್ಲಿ ಬೀಗರು ಬೀಗರ ಪರಿಚಯವೂ ಆಗಿರುತ್ತದೆ. 'ಸ್ಟ್ರಿಪ್ ದ ವಿಲೋ' ಮಾತ್ರ ಹುಡುಗರಿಗೆ ಬಿಡಿ. ಮೊಳಕೈ ಮೊಳಕೈಗೆ ಕೊಕ್ಕೆ ಹಾಕಿಕೊಂಡು ಸಾಲಿನುದ್ದಕ್ಕೂ ತಿರುಗುತ್ತಾ ಹೋಗುವುದು. ರೇಷ್ಮೆ ಸೀರೆಯವರು ಸೆರಗು ಸಿಕ್ಕಿಸಿ ಪಿನ್ ಹಾಕಿಕೊಳ್ಳಲಿ, ಪಂಚೆಯವರು ಕಚ್ಚೆ ಹಾಕಲಿ. ನಡುನಡುವೆ ನಿಮ್ಮೂರಿನ ಕೋಲಾಟದ ತಂಡ ಇಳಿಸಿ, ಸ್ಕಾಟ್ಲೆಂಡಿನವರ ಕೈಗೂ ಕೋಲು ಕೊಡಿ.

ಪ್ರಶ್ನೆ: ತಮ್ಮನ ಮೆರವಣಿಗೆಗೆ ಪೂಜೆ ಕುಣಿತ, ತಮಟೆ, ನಗಾರಿ ಬುಕ್ ಮಾಡಬೇಕು. ಮೊದಲೇ ಏನೇನು ಮಾತಾಡಿಕೊಳ್ಳಬೇಕು? — ಓದುಗ, ಶ್ರೀರಂಗಪಟ್ಟಣ

ದಿನ ಮೊದಲು. ಯುಗಾದಿ ಕಳೆದ ಮೇಲೆ ಊರಹಬ್ಬಗಳು, ನವರಾತ್ರಿಯಲ್ಲಿ ದಸರಾ. ಆಗ ತಂಡ ಸಿಗುವುದು ಕಷ್ಟ, ಸಿಕ್ಕರೂ ಅರ್ಧ ಜನ ಹೊಸಬರು. ಎಷ್ಟು ಜನ, ಎಷ್ಟು ಹೊತ್ತು, ಗಾಡಿ ಬಾಡಿಗೆ ಯಾರದು, ಅಡ್ವಾನ್ಸ್ ಎಷ್ಟು ಅಂತ ಒಂದು ಚೀಟಿಯಲ್ಲಿ ಬರೆದು ಇಬ್ಬರೂ ಸೈನ್ ಹಾಕಿ. 'ಪೂಜೆ' ಅಂದರೆ ದೇವರ ಅಲಂಕಾರದ ಚೌಕಟ್ಟು, ಅದನ್ನು ಹೊರುವುದು ದೇವರ ಕೆಲಸ. ಅದನ್ನು ತಲೆ ಮೇಲೆ ಹೊತ್ತವನ ಪಕ್ಕ ಬಾಟಲಿ ಹಿಡಿದು ಕುಣಿಯುವ ಗೆಳೆಯರಿದ್ದರೆ ಸುಮ್ನೆ ಬರೀ ತಮಟೆ ಕರೆಸಿ.

ಚರ್ಮದ ತಮಟೆಯೋ ಫೈಬರ್ರೋ ಅಂತಲೂ ಕೇಳಿ. ಚರ್ಮದ್ದಾದರೆ ಬಾರಿಸುವ ಮುಂಚೆ ಕಾಯಿಸಬೇಕು. ಒಣಹುಲ್ಲಿಗೆ ಬೆಂಕಿ ಹಾಕಿ, ತಮಟೆಯನ್ನು ಉರಿಯ ಮುಂದೆ ಹಿಡಿದು ತಿರುಗಿಸುತ್ತಾ, ಬೆರಳಲ್ಲಿ ಟಣ್ ಟಣ್ ಅಂತ ತಟ್ಟಿ ನೋಡುತ್ತಾರೆ. ಆ ಬಿಗಿ ಬಂದಾಗ ಏಳುವ ಸದ್ದು ಫೈಬರಿನಿಂದ ಬರುವುದಿಲ್ಲ. ಮಂಟಪದವರು ಹೊಗೆ ಅಂತ ತಕರಾರು ತೆಗೆಯುತ್ತಾರೆ, ಗೇಟಿನ ಹೊರಗೆ ಒಂದು ಹೊರೆ ಹುಲ್ಲು ಇಡಿಸಿ.

ಇನ್ನೊಂದು. ತಂಡದವರನ್ನು ಕೊನೇ ಪಂಕ್ತಿಗೆ ನಿಲ್ಲಿಸಿ, ಹಿತ್ತಲಲ್ಲಿ ಎಲೆ ಹಾಕುವ ಮನೆಗಳು ಈಗಲೂ ಇವೆ. ಅಂಥ ಕಡೆ ಉಂಡು ಬಂದವನು ನಾನು. ನೆಂಟರ ಸಾಲಿನಲ್ಲೇ ಕೂರಿಸಿ ಬಡಿಸಿ.

ಪ್ರಶ್ನೆ: ರಾತ್ರಿ ಹತ್ತರ ನಂತರ ಮೈಕ್ ಇಲ್ಲದೆ ತಮಟೆ ಬಾರಿಸಬಹುದಾ? — ಓದುಗ, ಮದ್ದೂರು

ಬೀದಿಯಲ್ಲಿ ಆಗುವುದಿಲ್ಲ. 2000ದ ಶಬ್ದಮಾಲಿನ್ಯ ನಿಯಮದ ಪ್ರಕಾರ ರಾತ್ರಿ 10ರಿಂದ ಬೆಳಗ್ಗೆ 6ರವರೆಗೆ ಲೌಡ್‌ಸ್ಪೀಕರ್ ಇಲ್ಲ. 2010ರ ತಿದ್ದುಪಡಿಯಲ್ಲಿ ವಾದ್ಯಗಳನ್ನೂ ಸೇರಿಸಿದ್ದಾರೆ. ಮುಚ್ಚಿದ ಹಾಲ್ ಒಳಗೆ, ಒಳಗಿನವರಿಗಷ್ಟೇ ಅನ್ನುವಂತಿದ್ದರೆ ವಿನಾಯ್ತಿ ಇದೆ. ಹಗಲು ಮೈಕ್ ಹಾಕುವುದಿದ್ದರೂ ಮುಂಚೆಯೇ ಪೊಲೀಸ್ ಸ್ಟೇಷನ್‌ಗೆ ಹೋಗಿ ಅನುಮತಿ ಬರೆಸಿಕೊಂಡು ಬನ್ನಿ. ಮೆರವಣಿಗೆ ಎಂಟಕ್ಕೆ ಹೊರಡಿಸಿ, ಹತ್ತಕ್ಕೆ ಮುಗಿಯುತ್ತದೆ.