ಅಪ್ಪನ ಯೆಜ್ಡಿಯ ಬ್ಲಾಕ್: ಉಳಿಸೋದಾ, ಗುಜರಿಗೆ ಹಾಕೋದಾ?

ಪ್ರಶ್ನೆ: ನಮ್ಮ ತಂದೆಯವರ 1982ರ ಯೆಜ್ಡಿ 250 ಬೈಕ್ ಕೊಟ್ಟಿಗೆಯ ಮೂಲೆಯಲ್ಲಿ ಹದಿನಾಲ್ಕು ವರ್ಷ ನಿಂತಿತ್ತು. ಈಗ ಕಿಕ್ಕರ್ ಅಲುಗುವುದೇ ಇಲ್ಲ. ಮೆಕ್ಯಾನಿಕ್ ಹೆಡ್ ಬಿಚ್ಚಿ, ಪಿಸ್ಟನ್ ಓಡಾಡುವ ಸಿಲಿಂಡರ್ ನೋಡಿ, ‘ಬ್ಲಾಕ್ ತುಕ್ಕು ತಿಂದಿದೆ, ಹೊಸದು ತನ್ನಿ’ ಅಂದರು. ಹಳೆಯದನ್ನೇ ಉಳಿಸುವ ಆಸೆ ನನಗೆ. ಅದು ಬೋರಿಂಗ್‌ಗೆ (ಒಳಗೋಡೆ ಕೊರೆದು ನಯ ಮಾಡುವುದಕ್ಕೆ) ಬರುತ್ತದೋ ಇಲ್ಲವೋ, ತಿಳಿಯುವುದು ಹೇಗೆ?
– ಒಬ್ಬ ಓದುಗರು, ಅರಕಲಗೂಡು

ಉತ್ತರ: ಗುಜರಿಗೆ ಹಾಕಬೇಡಿ. ಅದನ್ನು ಇನ್ನೂ ಯಾರೂ ಅಳತೆಯೇ ಮಾಡಿಲ್ಲ ಅಲ್ವಾ? ಮೈಸೂರಿನಲ್ಲಿ ಇಪ್ಪತ್ತೆಂಟು ವರ್ಷ ಬೋರಿಂಗ್ ಮೆಷಿನ್ ಮುಂದೆ ನಿಂತವನು ನಾನು. ಮೇಲೆ ಕೆಂಪಗೆ ತುಕ್ಕು ಕಂಡ ಎಷ್ಟೋ ಬ್ಲಾಕ್‌ಗಳು ಒಂದೇ ಬೋರಿಂಗ್‌ನಲ್ಲಿ ಕನ್ನಡಿಯಾಗಿವೆ. ನಿಮ್ಮ ಗಾಡಿ ಹುಟ್ಟಿದ ಇಲ್ಲಿನ ಐಡಿಯಲ್ ಜಾವಾ ಕಾರ್ಖಾನೆ 1996ರಲ್ಲಿ ಮುಚ್ಚಿತು. ಅಲ್ಲಿಂದ ಬಂದ ಬ್ಲಾಕ್ ಕೈಯಲ್ಲಿರುವಾಗ ಕಣ್ಣಂದಾಜಿನಲ್ಲಿ ತೀರ್ಮಾನ ಮಾಡಬಾರದು.

ಮೊದಲು ಪಿಸ್ಟನ್ ಬಿಡಿಸಿ. ಮೇಲಿಂದ ಸುತ್ತಿಗೆಯಲ್ಲಿ ಹೊಡೆಯುವವರಿದ್ದಾರೆ, ದಯವಿಟ್ಟು ಅದಕ್ಕೆ ಬಿಡಬೇಡಿ. ಪಿಸ್ಟನ್ ಮೇಲೆ ಡೀಸೆಲ್ ತುಂಬಿ ಮೂರು ನಾಲ್ಕು ದಿನ ಸುಮ್ನೆ ಬಿಡಿ. ಆಮೇಲೆ ಗೇರ್‌ಗೆ ಹಾಕಿ, ಹಿಂದಿನ ಚಕ್ರವನ್ನು ಹಿಂದೆ ಮುಂದೆ ಮೆಲ್ಲಗೆ ಅಲ್ಲಾಡಿಸಿ.

ಬ್ಲಾಕ್ ಹೊರಬಂದ ಮೇಲೆ ತೊಳೆದು ಬಿಸಿಲಿಗೆ ಹಿಡಿಯಿರಿ. ಪಿಸ್ಟನ್ ನಿಂತಿದ್ದ ಜಾಗದಲ್ಲಿ, ಅದರ ಸುತ್ತಲಿನ ರಿಂಗ್ ಕೂತಿದ್ದಲ್ಲಿ, ಬಳೆಯ ಹಾಗೆ ಒಂದು ಗೆರೆ ಕಾಣುತ್ತದೆ. ಅದರ ಮೇಲೆ ಉಗುರು ಎಳೆಯಿರಿ. ಜಾರಿ ಹೋದರೆ ಅದು ಬರೀ ಕಲೆ. ಉಗುರು ಸಿಕ್ಕಿಕೊಂಡರೆ ಗುಳಿ ಬಿದ್ದಿದೆ ಎಂದರ್ಥ. ಆಗ ಲೆಕ್ಕ ಮಾಡಬೇಕು. ಒಂದು ಕಡೆ 0.10 ಮಿ.ಮೀ. ಆಳದ ಗುಳಿ ಇದ್ದರೆ, ಅದು ಪೂರ್ತಿ ಹೋಗಲು ಬೋರ್ ಅಳತೆ, ಅಂದರೆ ಸಿಲಿಂಡರ್ ತೂತಿನ ವ್ಯಾಸ, 0.20 ಮಿ.ಮೀ. ದೊಡ್ಡದಾಗಬೇಕು. ಆಳ ಎರಡು ಪಟ್ಟು ಲೆಕ್ಕಕ್ಕೆ ಬರುತ್ತದೆ ಎನ್ನುವುದನ್ನೇ ತುಂಬಾ ಜನ ಮರೆಯುತ್ತಾರೆ.

ನಿಮ್ಮ ಗಾಡಿಯ ಮೂಲ ಬೋರ್ 65 ಮಿ.ಮೀ., ಸ್ಟ್ರೋಕ್ (ಪಿಸ್ಟನ್ ಮೇಲೆ ಕೆಳಗೆ ಓಡುವ ದೂರ) 75. ಕೊರೆದು ದೊಡ್ಡದಾದ ಬೋರ್‌ಗೆ ಹೊಂದುವ ಓವರ್‌ಸೈಜ್ ಪಿಸ್ಟನ್ 0.25 ಮಿ.ಮೀ. ಹೆಜ್ಜೆಯಲ್ಲಿ ಬರುತ್ತದೆ. ಹಳೆಯ ಪಿಸ್ಟನ್ ತಲೆಯ ಮೇಲಿನ ಕಾರ್ಬನ್ ಕೆರೆದು ನೋಡಿ, ಸಾಮಾನ್ಯವಾಗಿ ಸೈಜ್ ಕೊರೆದಿರುತ್ತದೆ. ಸ್ಟ್ಯಾಂಡರ್ಡ್ ಅಥವಾ ಮೊದಲ ಓವರ್‌ಸೈಜ್ ಇದ್ದರೆ ನಿಮ್ಮ ಅದೃಷ್ಟ. ಆಮೇಲೆ ಬೋರ್ ಗೇಜ್ ಇರುವ ಅಂಗಡಿಯಲ್ಲಿ ಮೇಲೆ, ನಡುವೆ, ಕೆಳಗೆ, ಪ್ರತಿ ಜಾಗದಲ್ಲೂ ಅಡ್ಡ ಉದ್ದ ಎರಡೂ ಕಡೆ ಅಳೆಸಿ. ಆರು ಅಳತೆಯನ್ನು ಚೀಟಿಯಲ್ಲಿ ಬರೆಸಿಕೊಳ್ಳಿ. ಎಲ್ಲಕ್ಕಿಂತ ದೊಡ್ಡ ಅಳತೆ ಮತ್ತು ಗುಳಿ ಎರಡೂ ಸಿಗುವ ಪಿಸ್ಟನ್ ಸೈಜ್‌ನೊಳಗೆ ಅಳಿಸಿ ಹೋಗುವಂತಿದ್ದರೆ ಬ್ಲಾಕ್ ಬದುಕಿದೆ.

ಬಿರುಕು ನೋಡಲು ಸೀಮೆಎಣ್ಣೆ ಸವರಿ, ಸ್ವಲ್ಪ ಹೊತ್ತು ಬಿಟ್ಟು ಒರೆಸಿ, ಸೀಮೆಸುಣ್ಣದ ಪುಡಿ ಉಜ್ಜಿ. ಬಿರುಕಿದ್ದರೆ ಒಳಗಿನ ಎಣ್ಣೆ ಪುಡಿಗೆ ಏರಿ, ಕೂದಲೆಳೆಯಂತೆ ಕಪ್ಪು ಗೆರೆ ಮೂಡುತ್ತದೆ. ಹೊರಗೆ ತಂಪು ಮಾಡುವ ಫಿನ್ ಒಂದೆರಡು ಮುರಿದಿದ್ದರೆ ಚಿಂತೆ ಇಲ್ಲ. ಪೋರ್ಟ್‌ನಿಂದ (ಸಿಲಿಂಡರ್ ಗೋಡೆಯಲ್ಲಿ ಗಾಳಿ, ಹೊಗೆ ಹಾಯುವ ಕಿಂಡಿಯಿಂದ) ಬೋರ್ ಒಳಗೆ ಬಿರುಕು ಓಡಿದ್ದರೆ ಮಾತ್ರ ಆ ಬ್ಲಾಕ್ ಬಿಡಿ. ಸೈಲೆನ್ಸರ್ ಪೈಪಿನ ನಟ್ ಕೂರುವ ಥ್ರೆಡ್ಡನ್ನೂ ಎರಡೂ ಬದಿ ನೋಡಿ. ಯೆಜ್ಡಿಯಲ್ಲಿ ಬೋರ್ ಚೆನ್ನಾಗಿದ್ದು ಈ ಥ್ರೆಡ್ ಹೋಗಿರುವುದು ಜಾಸ್ತಿ. ಅದನ್ನು ಒಳ್ಳೆಯ ಟರ್ನರ್ ಸರಿ ಮಾಡಬಲ್ಲ.

ಕೊನೆಯ ಸೈಜ್ ದಾಟಿದ್ದರೆ ಸ್ಲೀವ್ (ಬೋರ್ ಒಳಗೆ ಕೂರಿಸುವ ಹೊಸ ಕೊಳವೆ) ಹಾಕಿಸಬಹುದು. ಆದರೆ ಇದು ಟೂ-ಸ್ಟ್ರೋಕ್, ಪಿಸ್ಟನ್ನೇ ಪೋರ್ಟ್‌ಗಳನ್ನು ತೆರೆದು ಮುಚ್ಚುವ ಎಂಜಿನ್. ಸ್ಲೀವ್‌ನಲ್ಲಿ ಪೋರ್ಟ್‌ಗಳನ್ನು ಮೊದಲಿದ್ದ ಎತ್ತರದಲ್ಲೇ ಕೊರೆಯಬೇಕು. ಈ ಕೆಲಸ ಮಾಡಿ ಅನುಭವ ಇದ್ದವರಿಗೆ ಮಾತ್ರ ಕೊಡಿ.

ಬೋರಿಂಗ್‌ಗೆ ಕೊಡುವಾಗ ಪಿಸ್ಟನ್ ಮೊದಲು ಕೊಳ್ಳಿ, ಬ್ಲಾಕ್ ಜೊತೆಗೇ ಕೊಡಿ. ಪೆಟ್ಟಿಗೆ ಮೇಲಿನ ನಂಬರ್ ನೋಡಿ ಕೊರೆಯುವುದಲ್ಲ, ಕೈಯಲ್ಲಿರುವ ಪಿಸ್ಟನ್ ಅಳೆದು ಕೊರೆಯಬೇಕು. ಇನ್ನೊಂದು ಮಾತು, ಇದನ್ನು ನಾನು ನೋವಿನಿಂದ ಕಲಿತೆ. ಕೆಲಸಕ್ಕೆ ಸೇರಿದ ಹೊಸದರಲ್ಲಿ ಒಂದು ಬ್ಲಾಕ್ ಬೋರ್ ಮಾಡಿ, ಪೋರ್ಟ್ ಅಂಚುಗಳ ಚೂಪು ತೆಗೆಯದೆ ಕೊಟ್ಟುಬಿಟ್ಟೆ. ನಾಲ್ಕನೇ ದಿನ ಗಾಡಿ ವಾಪಸ್ ಬಂತು. ರಿಂಗ್ ಪೋರ್ಟ್‌ಗೆ ಸಿಕ್ಕಿ ಮುರಿದು, ಹೊಸ ಬೋರ್ ಉದ್ದಕ್ಕೂ ಗೀರು. ಆ ಹುಡುಗ ಮೂರು ತಿಂಗಳ ಸಂಬಳ ಕೂಡಿಟ್ಟು ಮಾಡಿಸಿದ್ದ. ಹಾಗಾಗಿ ಬ್ಲಾಕ್ ವಾಪಸ್ ತರುವಾಗ ಪ್ರತಿ ಪೋರ್ಟ್ ಅಂಚಿನ ಮೇಲೂ ಬೆರಳಾಡಿಸಿ. ಚುಚ್ಚಿದರೆ ಅಲ್ಲೇ ಸರಿ ಮಾಡಿಸಿ.

ಹಣ ಖರ್ಚು ಮಾಡುವ ಮುಂಚೆ, ಪಿಸ್ಟನ್ನನ್ನು ಕೆಳಗೆ ತಿರುಗುವ ಕ್ರ್ಯಾಂಕ್‌ಗೆ ಸೇರಿಸುವ ಕನೆಕ್ಟಿಂಗ್ ರಾಡ್ ಹಿಡಿದು ಮೇಲೆ ಕೆಳಗೆ ಎಳೆದು ನೋಡಿ. ಪಕ್ಕಕ್ಕೆ ಸ್ವಲ್ಪ ಆಡಿದರೆ ಸಹಜ. ಮೇಲೆ ಕೆಳಗೆ ಟಕ್ ಎಂದರೆ ಕ್ರ್ಯಾಂಕ್ ಕೆಲಸವೂ ಇದೆ. ಇಷ್ಟು ವರ್ಷ ನಿಂತ ಗಾಡಿಗೆ ಕ್ರ್ಯಾಂಕ್ ಆಯಿಲ್ ಸೀಲ್ ಹೇಗೂ ಹೊಸದು ಬೇಕು. ಆರು ಅಳತೆಯ ಚೀಟಿ ಮತ್ತು ಪಿಸ್ಟನ್ ಸೈಜ್ ನನಗೆ ಬರೆದು ಕಳಿಸಿ, ಯಾವ ಸೈಜ್‌ಗೆ ಹೋಗಬೇಕು ಎಂದು ಮುಂದಿನ ಸಂಚಿಕೆಯಲ್ಲಿ ಹೇಳುತ್ತೇನೆ.