ಪ್ರತಿಕ್ರಿಯೆ: ಟೋಪೋಶೀಟ್ ಮೇಲೆ ತೋಟದ ಗಡಿ 200 ಮೀಟರ್ ಸರಿದಿರುವುದು

ಸಮ್ಮೇಳನದ ಪೋಸ್ಟರ್‌ಗಾಗಿ ಜಿಪಿಎಸ್‌ನಲ್ಲಿ ಅಳೆದ ತೋಟದ ಗಡಿಯನ್ನು ಟೋಪೋಶೀಟ್ (ಸರ್ವೆ ಆಫ್ ಇಂಡಿಯಾದ ಭೂನಕ್ಷೆ) ಮೇಲಿಟ್ಟಾಗ 200 ಮೀಟರ್ ಸರಿದು ಕಾಣುತ್ತಿದೆ ಎಂದು ಕೇಳಿದ್ದೀರಿ. ಇದು ಬಹುಪಾಲು ಡೇಟಮ್ (ಅಕ್ಷಾಂಶ ರೇಖಾಂಶ ಅಳೆಯಲು ಹಿಡಿದ ಆಧಾರ) ವ್ಯತ್ಯಾಸ. ಮಡಿಕೇರಿ ಕಡೆಯ ಹಳೆಯ ಟೋಪೋಶೀಟ್ ಎವರೆಸ್ಟ್ ಗೋಲಾಭ ಎಂಬ ಭೂಮಿಯ ಹಳೆಯ ಆಕಾರಮಾದರಿಯ ಮೇಲಿದೆ, ನಿಮ್ಮ ಜಿಪಿಎಸ್ ಗಡಿ ಡಬ್ಲ್ಯೂಜಿಎಸ್ 84 ಎಂಬ ಜಿಪಿಎಸ್‌ನ ಡೇಟಮ್‌ನಲ್ಲಿದೆ. ಗಡಿಯಿಡೀ ಒಂದೇ ದಿಕ್ಕಿಗೆ, ಒಂದೇ ಅಳತೆಯಲ್ಲಿ ಸರಿದಿದ್ದರೆ ಅನುಮಾನ ಬೇಡ. ಅಲ್ಲಲ್ಲಿ ಅಡ್ಡಾದಿಡ್ಡಿಯಾಗಿದ್ದರೆ ಅದು ತೋಟದ ಸಿಲ್ವರ್ ಓಕ್ ಮರಗಳ ನೆರಳಿನಲ್ಲಿ ಜಿಪಿಎಸ್ ಸಂಕೇತ ಕೆಡುವ ಕಾಟ, ಬೇರೆ ರೋಗ.

ಕ್ಯೂಜಿಐಎಸ್‌ನಲ್ಲಿ (ನಕ್ಷೆ ತಂತ್ರಾಂಶ) ಶೀಟನ್ನು ಮತ್ತೆ ಜಿಯೋರೆಫರೆನ್ಸ್ ಮಾಡಿ, ಅಂದರೆ ಚಿತ್ರವನ್ನು ಅದರ ನಿಜವಾದ ಸ್ಥಾನಕ್ಕೆ ಕೂರಿಸಿ. ನಾಲ್ಕು ಮೂಲೆಗಳ ಅಕ್ಷಾಂಶ ರೇಖಾಂಶ ಕೊಡಿ; 12°25′ ಅನ್ನು 12.25 ಎಂದು ಟೈಪಿಸಬೇಡಿ, ಅದು 12.4167. ಟಾರ್ಗೆಟ್ ಸಿಆರ್‌ಎಸ್ (ನಿರ್ದೇಶಾಂಕ ವ್ಯವಸ್ಥೆ) ಇಪಿಎಸ್‌ಜಿ 4146 ಇರಲಿ; ಇದು ಎವರೆಸ್ಟ್ ಗೋಲಾಭದ ವ್ಯವಸ್ಥೆಯ ಸಂಕೇತ ಸಂಖ್ಯೆ. ಆಮೇಲೆ ವಾರ್ಪ್ ಎಂಬ ಸಾಧನ ಬಳಸಿ ಇಪಿಎಸ್‌ಜಿ 32643ಕ್ಕೆ ಬದಲಿಸಿ; ಅದು ಡಬ್ಲ್ಯೂಜಿಎಸ್ 84ರ ಮೇಲೆ ಮೀಟರ್‌ನಲ್ಲಿ ಅಳೆಯುವ ಯುಟಿಎಂ ವ್ಯವಸ್ಥೆ (ಕೊಡಗು ಅದರ 43 ಉತ್ತರ ವಲಯದಲ್ಲಿದೆ). 'ಅಸೈನ್ ಪ್ರೊಜೆಕ್ಷನ್' ಒತ್ತಬೇಡಿ. ಅದು ಹೆಸರು ಬದಲಿಸುತ್ತದೆ, ಜಾಗ ಬದಲಿಸುವುದಿಲ್ಲ. ಗಡಿಯ ಪದರವನ್ನೂ 32643ಕ್ಕೆ ಎಕ್ಸ್‌ಪೋರ್ಟ್ ಮಾಡಿ, ಎಕರೆ ಲೆಕ್ಕ ಅದರಿಂದಲೇ ತೆಗೆಯಿರಿ.

ಶೀಟಿನ ಅಂಚಿನ ಟಿಪ್ಪಣಿ ಮೊದಲು ಓದಿ. ಓಪನ್ ಸೀರೀಸ್ (ಸಾರ್ವಜನಿಕರಿಗೆ ಕೊಡುವ ಹೊಸ ಸರಣಿಯ ನಕ್ಷೆ) ಆಗಿದ್ದರೆ ಅದು ಆಗಲೇ ಡಬ್ಲ್ಯೂಜಿಎಸ್ 84. 4146 ಕೊಟ್ಟರೆ ನೀವೇ ತಪ್ಪು ಸೇರಿಸಿದಂತೆ.

ಇಷ್ಟಾದ ಮೇಲೂ ಹತ್ತಿಪ್ಪತ್ತು ಮೀಟರ್ ಉಳಿಯಬಹುದು. ಸಮ್ಮೇಳನದ ಪೋಸ್ಟರ್‌ಗೆ ಸಾಕು, ಗಡಿ ತಕರಾರಿಗೆ ಸಾಲದು. ಪ್ರಿಂಟಿಗೆ ಮುಂಚೆ ರಸ್ತೆ ಕೂಡುವ ಎರಡು ಜಾಗಗಳನ್ನು ಉಪಗ್ರಹ ಚಿತ್ರದ ಮೇಲಿಟ್ಟು ನೋಡಿ.